ಸೊಳ್ಳೆಮರಿ ಸಿಕ್ಕ ಮನೆ

ಗೆಳೆಯರೇ, ಇವತ್ತು ಬೆಳಿಗ್ಗೆ ಭಾಗ್ಯನಗರದ ನಮ್ಮ ಓಣಿಗೆ ಬಂದ ಆಶಾ ಕಾರ್ಯಕರ್ತೆ, ಪಕ್ಕದ ಮನೆಯ ಶಂಕ್ರವ್ವನವರ ನೀರಿನ ಡ್ರಮ್ಮಿನಲ್ಲಿ ಸೊಳ್ಳೆಮರಿ ಕಂಡುಹಿಡಿದರು.

"ಇದನ್ನ ಚೆಲ್ಲಬೇಕ್ರಿ ಆಯೀ. ಚೆಲ್ಲೋ ಫೋಟೊ ಮ್ಯಾಲಿನವರಿಗೆ ಕಳಸಬೇಕ್ರಿ."

"ನಳ ಬಂದು ವಾರ ಆತವಾ. ಅರಿವಿ ನಿನ್ನ ಫೋಟೊದಾಗ ಒಗೀಲೇನು?" ಎಂದು ಶಂಕ್ರವ್ವ ಡ್ರಮ್ಮಿಗೆ ಅಡ್ಡ ನಿಂತರು.

ಕಾರ್ಯಕರ್ತೆ ನನ್ನ ಕಡೆ ತಿರುಗಿದರು. "ಸರ, ನಿಮ್ಮ ಡ್ರಮ್ ಖಾಲಿ ಐತೇನ್ರಿ?"

ಖಾಲಿಯಿದ್ದ ನಮ್ಮ ಡ್ರಮ್ಮಿನಲ್ಲಿ ಒಂದು ಚೆಂಬು ನೀರು ಹಾಕಿ, ಬೋರಲು ಮಾಡಿ ಫೋಟೊ ತೆಗೆದರು. ಎಲ್ಲರಿಗೂ ಸಮಾಧಾನವಾಯಿತು.

ಫೋಟೊದ ಜೊತೆ ಮನೆಯ ವಿಳಾಸವೂ ತಾನಾಗಿ ಹೋಗುತ್ತದಂತೆ. ಮಧ್ಯಾಹ್ನ ಇಲಾಖೆಯವರು ನಮ್ಮ ಬಾಗಿಲಿಗೆ 'ಸೊಳ್ಳೆಮರಿ ಪತ್ತೆಯಾದ ಮನೆ' ಎಂಬ ಚೀಟಿ ಅಂಟಿಸಿದರು.

"ಕಲಿತಾರ ಮನ್ಯಾಗ ಹಿಂಗಾದ್ರ ಹೆಂಗ್ರಿ ಸರ?" ಎಂದರು ಶಂಕ್ರವ್ವ. ಸಂಜೆಯಿಂದ ತಮ್ಮ ಮೊಮ್ಮಕ್ಕಳನ್ನು ನಮ್ಮ ಅಂಗಳಕ್ಕೆ ಆಡಲು ಬಿಡುತ್ತಿಲ್ಲ.