ನೂರಾ ಹನ್ನೆರಡು ಕಟ್ಟು ಸೊಪ್ಪು

ಶಾಂತಲಾ ಬಿಡಿಸಿದ ಚಿತ್ರದಲ್ಲಿ ಯಾರೂ ಚೆಂದ ಕಾಣುವುದಿಲ್ಲ ಎಂಬುದು ಚಿಕ್ಕಲಸಂದ್ರದ ಅವಳ ಬೀದಿಗೆಲ್ಲ ಗೊತ್ತು. ಮೂಗು ಸ್ವಲ್ಪ ದಪ್ಪಗಿದ್ದರೆ ಬದನೆಕಾಯಿಯಾಗುತ್ತದೆ, ಹೊಟ್ಟೆ ಇದ್ದವರಿಗೆ ಇನ್ನಷ್ಟು ಹೊಟ್ಟೆ ಬರುತ್ತದೆ. ಆದರೂ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವಳು ಪುಸ್ತಕ ತೆರೆದು ಕೂತಳೆಂದರೆ ಜನ ತಲೆಗೂದಲು ಸರಿಮಾಡಿಕೊಂಡು ಅತ್ತಿತ್ತ ಸುಳಿಯುತ್ತಾರೆ. ಬದನೆಕಾಯಿಯಾದರೂ ಸರಿ, ಬಿಟ್ಟುಹೋಗಬಾರದು ಎಂಬ ಆಸೆ.

ಮೂವತ್ತನಾಲ್ಕರ ಶಾಂತಲಾ ಯಾವ ಪತ್ರಿಕೆಗೂ ಸೇರಿದವಳಲ್ಲ. ವಾರದಲ್ಲಿ ಮೂರು ದಿನ ಪಠ್ಯಪುಸ್ತಕ ಮಾಡುವವರಿಗೆ ಎಲೆಯ ಭಾಗಗಳನ್ನೋ ಹೃದಯದ ನಾಲ್ಕು ಕೋಣೆಗಳನ್ನೋ ಬಿಡಿಸಿಕೊಡುತ್ತಾಳೆ. ಉಳಿದ ದಿನಗಳು ಅವಳವು. ಸುತ್ತಮುತ್ತಲಿನವರ ಬದುಕನ್ನು ಅವರ ಬಾಯಿಂದಲೇ ಕೇಳಿ, ಚೌಕ ಚೌಕದ ಚಿತ್ರಕಥೆಯಾಗಿಸಿ, ಇಪ್ಪತ್ತನಾಲ್ಕು ಪುಟದ ಪುಸ್ತಕ ಮಾಡಿ ನಡುವೆ ಪಿನ್ನು ಹೊಡೆಸುತ್ತಾಳೆ. ಅದರಲ್ಲಿ ಕಟ್ಟಿ ಹೇಳಿದ್ದು ಒಂದು ಗೆರೆಯೂ ಇರಕೂಡದೆಂಬುದು ಅವಳ ಹಟ.

ಮೊದಲ ಪುಸ್ತಕದಲ್ಲೇ ಆ ಹಟಕ್ಕೆ ಪೆಟ್ಟು ಬಿದ್ದಿತ್ತು. ಬನಶಂಕರಿಯ ಟೈಲರ್ ಮರುಳಸಿದ್ದಪ್ಪನವರ ಕಥೆ ಅದು. ಅಚ್ಚಾದ ಮುನ್ನೂರು ಪ್ರತಿಗಳಲ್ಲಿ ಮೊದಲನೆಯದನ್ನು ಅವರ ಕೈಗಿಟ್ಟಾಗ ಅವರು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಮೇಡಂ, ಯಾರಿವ್ರು?" ಎಂದರು.

"ನೀವೇ ಸಾರ್."

"ನಾನು ಟೇಪು ಕತ್ತಿಗೆ ಹಾಕೊಳ್ಳಲ್ಲ ಮೇಡಂ, ಕಚಗುಳಿ ಆಗತ್ತೆ. ಜೇಬಲ್ಲಿಟ್ಕೋತೀನಿ. ಇವ್ನ್ಯಾವನೋ ಸಿನಿಮಾ ಟೈಲರ್ರು."

ಅಂದಿನಿಂದ ಶಾಂತಲಾ ತನಗೆ ತಾನೇ ಎರಡು ಕಟ್ಟಳೆ ಹಾಕಿಕೊಂಡಳು. ಎದುರಿಗೆ ಇಟ್ಟು ನೋಡದ ವಸ್ತುವನ್ನು ಬಿಡಿಸಬಾರದು. ಕಥೆಯವರು ಎಲ್ಲ ಪುಟ ನೋಡಿ, ಕೊನೆಯ ಪುಟದ ಹಿಂದೆ ರುಜು ಹಾಕದೆ ಪುಸ್ತಕ ಅಚ್ಚಿಗೆ ಹೋಗಬಾರದು.

ಹಾಗಾಗಿ ಆ ಸೋಮವಾರ ಬೆಳಿಗ್ಗೆ ಉತ್ತರಹಳ್ಳಿ ಮುಖ್ಯರಸ್ತೆಯ ಹೊಂಗೆಮರದ ಕೆಳಗೆ, ಸೊಪ್ಪು ಮಾರುವ ಗೋವಿಂದಮ್ಮನ ಎದುರು ಅವಳು ಪುಟಗಳನ್ನು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಆರು ತಿಂಗಳ ಕೆಲಸ. ಭಾನುವಾರ ಜಯನಗರದ ಪಾರ್ಕೊಂದರಲ್ಲಿ ಸಣ್ಣ ಪುಸ್ತಕಗಳ ಸಂತೆ ಇತ್ತು. ಬುಧವಾರ ಸಂಜೆಯೊಳಗೆ ಪುಟಗಳು ಪ್ರೆಸ್ಸಿಗೆ ಸೇರಬೇಕಿತ್ತು. ಗೋವಿಂದಮ್ಮನ ರುಜುವೊಂದೇ ಬಾಕಿ.

ಗೋವಿಂದಮ್ಮ ಕನ್ನಡಕ ಏರಿಸಿ ಮೊದಲ ಪುಟ ನೋಡಿದರು. ಭುಜ ಕುಲುಕಿತು.

"ಅಯ್ಯೋ ನನ್ ಮೂಗೇ! ಇದ್ರೊಳಗೆ ಒಂದ್ ಸಂಸಾರ ಇರ್ಬೋದು ಕಣವ್ವಾ."

ಶಾಂತಲಾಗೆ ಜೀವ ಬಂತು. ಮೂಗು ದಾಟಿದರೆ ಅರ್ಧ ಗೆದ್ದಂತೆ. ಆದರೆ ಐದನೇ ಪುಟಕ್ಕೆ ಬಂದ ಗೋವಿಂದಮ್ಮ ಕನ್ನಡಕ ಸರಿಮಾಡಿಕೊಂಡರು. ಹಿಂದಕ್ಕೆ ತಿರುವಿ ಮತ್ತೆ ಮೊದಲನೇ ಪುಟ ನೋಡಿದರು.

"ಇದೇನಿದು?"

"ದಂಟಿನ ಸೊಪ್ಪು."

"ದಂಟು ಅನ್ನೋದು ಕಾಣ್ತದೆ. ಇಷ್ಟೇ ಇಷ್ಟ್ ಯಾಕೈತೆ?" ಗೋಣಿತಾಟಿನಿಂದ ಒಂದು ಕಟ್ಟು ಎತ್ತಿ ಪುಟದ ಪಕ್ಕ ಇಟ್ಟರು. ತಬ್ಬಿ ಎತ್ತಬೇಕಾದಂಥ ಕಟ್ಟು. "ಇದು ಗೋವಿಂದಮ್ಮನ್ ಕಟ್ಟು. ನೀನ್ ಬರ್ದಿರೋದು ಮದುವೆ ಮನೆ ಹೂವಿನ್ ಚೆಂಡು."

"ಮೂಗು ದೊಡ್ಡದ್ ಮಾಡಿದ್ದಕ್ಕೆ ನಕ್ಕಿದ್ರಿ..."

"ಮೂಗನ್ನ ಯಾರೂ ಕಾಸು ಕೊಟ್ಟು ಕೊಳ್ಳಲ್ಲ. ಕಟ್ಟು ಕೊಳ್ತಾರೆ. ಇಪ್ಪತ್ತೆಂಟು ವರ್ಷದಿಂದ ಇಲ್ಲೇ ಕೂತಿದೀನಿ, ಗೋವಿಂದಮ್ಮ ಕಟ್ಟು ಸಣ್ಣ ಮಾಡಿದ್ಲು ಅಂತ ಒಬ್ರ ಬಾಯಲ್ಲೂ ಬಂದಿಲ್ಲ. ಈಗ ನಿನ್ ಪುಸ್ತಕ ಅಂತದೆ. ನಾನ್ ರುಜು ಹಾಕಾಕಿಲ್ಲ."

"ನೋಡದೇ ಬಿಡಿಸಿಲ್ಲ ಗೋವಿಂದಮ್ಮ! ನಿಮ್ಮತ್ರಾನೇ ತಗೊಂಡು ಮೇಜಿನ್ ಮೇಲಿಟ್ಟು, ಒಂದೊಂದು ಎಲೆ ನೋಡ್ಕೊಂಡು ಬಿಡಿಸಿದೀನಿ."

"ಹಂಗಾದ್ರೆ ಕಳ್ಳ ನಿನ್ ಮೇಜಿನತ್ರಾನೇ ಅವ್ನೆ, ಹೋಗಿ ಹಿಡಿ."

ಕಳ್ಳನನ್ನು ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಇಂದ್ರಾಣಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಅಮ್ಮಾ, ಚಿತ್ರಕ್ಕೆ ಅಂತ ಇಟ್ಟಿದ್ದ ದಂಟಿನ ಸೊಪ್ಪಿಗೆ ಕೈ ಹಾಕಿದ್ಯಾ?"

"ಯಾವತ್ತು?"

"ಆಷಾಢದಲ್ಲಿ."

"ಆವತ್ತು ಬಸ್ಸಾರು ಅಂತ ಎರಡ್ ಸಲ ಹಾಕಿಸ್ಕೊಂಡ್ಯಲ್ಲ, ಅದೇನು ಆಕಾಶದಿಂದ ಇಳೀತಾ? ಅರ್ಧ ಸಾರಿಗೆ ತಗೊಂಡೆ, ಅರ್ಧ ನಿನ್ ಚಿತ್ರಕ್ಕೆ ಬಿಟ್ಟೆ. ಅದೇ ಬಾಳೆನಾರಲ್ಲಿ ನೀಟಾಗಿ ವಾಪಸ್ ಕಟ್ಟಿಟ್ಟಿದ್ದೆ ಬೇರೆ."

ಆ ನೀಟೇ ಮುಳುವಾಗಿತ್ತು. ಅರ್ಧಕ್ಕಿಳಿದ ಕಟ್ಟನ್ನು ಶಾಂತಲಾ ಎಲೆ ಎಲೆ ನೋಡಿ, ತೊಟ್ಟಿನ ಕೆಂಪನ್ನೂ ಬಿಡದೆ, ಪರಮಸತ್ಯವೆಂಬಂತೆ ಇಪ್ಪತ್ತನಾಲ್ಕು ಪುಟಕ್ಕೂ ಹಂಚಿದ್ದಳು. ಎಣಿಸಿದಳು. ನೂರಾ ಹನ್ನೆರಡು ಕಟ್ಟು.

"ಯಾರು ಪುಸ್ತಕ ಇಟ್ಕೊಂಡು ಸೊಪ್ಪು ಅಳೀತಾರೆ? ನೀನೇ ಮಾಡ್ಕೊಂಡಿರೋ ರೂಲು, ಈ ಒಂದ್ಸಲ ನೀನೇ ಸಡಿಲ ಮಾಡ್ಕೊ," ಎಂದರು ಇಂದ್ರಾಣಿ.

ಆ ಮಾತು ಸಂಜೆಯವರೆಗೂ ಸಿಹಿಯಾಗಿಯೇ ಕೇಳುತ್ತಿತ್ತು. ಆಮೇಲೆ ಹದಿಮೂರನೇ ಪುಟ ತೆಗೆದಳು. ಅದರಲ್ಲಿ ಗಿರಾಕಿಯೊಬ್ಬಳು ಕಟ್ಟು ಕೈಗೆ ತೆಗೆದುಕೊಂಡು ಬಾಯ್ತುಂಬ ನಗುತ್ತಿದ್ದಾಳೆ. ಆ ನಗುವನ್ನು ಹಿಡಿಯಲು ಶಾಂತಲಾ ಒಂದು ವಾರ ಹೊಂಗೆಮರದ ಕೆಳಗೆ ಕಾದಿದ್ದಳು. ಇಷ್ಟು ಚಿಕ್ಕ ಕಟ್ಟು ಹಿಡಿದವಳು ಹಾಗೆ ನಗಲಾರಳು. ಕಟ್ಟು ಸುಳ್ಳಾದ ಮೇಲೆ ನಗುವೂ ಸುಳ್ಳೇ. ಗೋವಿಂದಮ್ಮನಿಗೆ ಇದು ಐದನೇ ಪುಟದಲ್ಲೇ ಹೊಳೆದಿತ್ತು, ಬಿಡಿಸಿದವಳಿಗೆ ಮಾತ್ರ ಹೊಳೆದಿರಲಿಲ್ಲ.

ಮಂಗಳವಾರ ನಸುಕಿಗೇ ಹೋಗಿ ಇಡೀ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟಳು. 'ಮುಟ್ಟಬಾರದು' ಎಂದು ಬರೆದು ಚೀಟಿ ಸಿಕ್ಕಿಸಿದಳು. ಹತ್ತು ಗಂಟೆಯ ಹೊತ್ತಿಗೆ ಅದರ ಕೆಳಗೆ ಇಂದ್ರಾಣಿಯವರ ಕೈಬರಹ ಬಂದಿತ್ತು: 'ಬಾಡುತ್ತಿದೆ.'

ಹಳೆಯ ಕಟ್ಟುಗಳ ಮೇಲೆ ಬಿಳಿ ಬಣ್ಣ ಬಳಿದು ಹೊಸದನ್ನು ಬಿಡಿಸುತ್ತ ಹೋದಂತೆ ಇನ್ನೊಂದು ತೊಡಕು ಎದ್ದಿತು. ನಿಜವಾದ ಕಟ್ಟು ಚೌಕದಲ್ಲಿ ಹಿಡಿಸುತ್ತಿರಲಿಲ್ಲ. ದಂಟುಗಳು ಬಲಕ್ಕೆ ಚಾಚಿದವು, ಎಲೆಗಳು ಮೇಲಿದ್ದ ಅಕ್ಷರಗಳಿಗೆ ತಾಗಿದವು. ಯಾವುದನ್ನಾದರೂ ತೆಗೆಯಲೇಬೇಕು. ಗೋವಿಂದಮ್ಮನ ಮಾತು ಗೋವಿಂದಮ್ಮನ ಆಸ್ತಿ, ಅದನ್ನು ಮುಟ್ಟುವಂತಿಲ್ಲ. ಉಳಿದದ್ದು ಚೌಕದ ನೆತ್ತಿಯ ಮೇಲೆ ಶಾಂತಲಾ ತಾನೇ ಬರೆದಿದ್ದ ವಾಕ್ಯಗಳು. 'ನಗರದ ಹಸಿವಿಗೆ ಹಸಿರು ನೇಯುವ ಬೆರಳುಗಳು' ಎಂಬುದಕ್ಕೆ ಅವಳು ಮೂರು ದಿನ ಕಳೆದಿದ್ದಳು. ಉಸಿರು ಬಿಗಿಹಿಡಿದು ಬಿಳಿ ಬಣ್ಣ ಎಳೆದಳು. ಅಲ್ಲಿ ಎರಡು ದಂಟಿನ ಎಲೆ ಕಾಲು ಚಾಚಿ ಮಲಗಿದವು. ಪುಟಕ್ಕೂ ಉಸಿರಾಡಲು ಜಾಗ ಸಿಕ್ಕಿತು. ಮುಂದಿನ ವಾಕ್ಯ ಅಳಿಸುವಾಗ ಅಷ್ಟೊಂದು ಸಂಕಟವಾಗಲಿಲ್ಲ. ಹತ್ತನೆಯದಕ್ಕೆ ಬರುವಾಗ ಅವಳಿಗೆ ಖುಷಿಯೇ ಆಗತೊಡಗಿತ್ತು.

ಬುಧವಾರ ಬೆಳಿಗ್ಗೆ ಗೋವಿಂದಮ್ಮ ಪುಟಗಳನ್ನು ಮಡಿಲಲ್ಲಿಟ್ಟುಕೊಂಡು ಕಟ್ಟು ಕಟ್ಟಿಗೂ ಬೆರಳಿಟ್ಟು ನೋಡಿದರು. ಅಪಾರ್ಟ್‌ಮೆಂಟಿನ ಸತ್ಯಭಾಮಾ ಕೊತ್ತಂಬರಿಗೆಂದು ಬಂದು ನಿಂತಿದ್ದರು.

"ಗೋವಿಂದಮ್ಮ, ನನಗೆ ಲೇಟ್ ಆಗ್ತಿದೆ."

"ತಡೀರಿ ಮೇಡಂ, ನನ್ ಮರ್ಯಾದೆ ವಿಚಾರ ನಡೀತೈತೆ."

ಎಂಟು ಪುಟ ಸಲೀಸಾಗಿ ಹೋಯಿತು. ಒಂಬತ್ತನೆಯದರಲ್ಲಿ ಬೆರಳು ನಿಂತಿತು.

"ಇದೇನವ್ವಾ?"

"ಮತ್ತೆ ಸಣ್ಣ ಆಯ್ತಾ?"

"ಸಣ್ಣ ಎಲ್ ಬಂತು! ಇಷ್ಟ್ ದಪ್ಪ ಕಟ್ಟನ್ನ ನಮ್ಮತ್ತೇನೂ ಕಟ್ತಿರ್ಲಿಲ್ಲ. ನಾಳೆ ಈ ಮೇಡಂ ಪುಸ್ತಕ ಹಿಡ್ಕೊಂಡ್ ಬಂದು ಒಂಬತ್ತನೇ ಪುಟದ್ ಕಟ್ಟು ಕೊಡು ಅಂದ್ರೆ ನಾನೇನ್ ಮಾಡ್ಲಿ?"

ಸತ್ಯಭಾಮಾ ಬಗ್ಗಿ ನೋಡಿದರು. "ಚೆನ್ನಾಗಿದೆ ಕಣ್ರೀ ಈ ಸೈಜು. ಇದೇ ಇರ್ಲಿ."

"ನೋಡಿದ್ಯಾ? ಈಗ್ಲೇ ಶುರು!"

ಶಾಂತಲಾ ಅಲ್ಲೇ ಚೀಲದಿಂದ ಬಿಳಿ ಪೆನ್ನು ತೆಗೆದಳು. ಗೋವಿಂದಮ್ಮ ಕಿವಿಯ ಹತ್ತಿರವೇ ಬಗ್ಗಿ ನಿರ್ದೇಶನ ಕೊಟ್ಟರು. "ಆ ಎಲೆ ತೆಗಿ. ಪಕ್ಕದ್ದೂ. ಇನ್ ಒಂಚೂರು... ಸಾಕು, ಸಾಕು! ಕೈ ಬಿಟ್ರೆ ಮತ್ತೆ ಚೆಂಡು ಮಾಡ್ಬಿಟ್ಟೀಯ."

ಆಮೇಲೆ ಉಳಿದ ಹದಿನೈದು ಪುಟವನ್ನೂ ನೋಡಿ, ಕೈ ಒರೆಸಿಕೊಂಡು, ಕೊನೆಯ ಪುಟದ ಹಿಂದೆ ಒಂದೊಂದೇ ಅಕ್ಷರ ಒತ್ತಿ ಬರೆದು ರುಜು ಹಾಕಿದರು. ಶಾಂತಲಾ ಒಂಬತ್ತನೇ ಪುಟವನ್ನು ಗಾಳಿಗೆ ಹಿಡಿದು ಪ್ರೆಸ್ಸಿನ ಕಡೆಯ ಬಸ್ಸಿಗೆ ಓಡಿದಳು. ಬೆನ್ನ ಹಿಂದೆ, ಕೊತ್ತಂಬರಿ ಕಟ್ಟು ಕೈಯಲ್ಲಿ ಎತ್ತಿ ಹಿಡಿದ ಸತ್ಯಭಾಮಾರ ದನಿ ಕೇಳುತ್ತಿತ್ತು:

"ಇದು ಯಾವ್ ಪುಟದ್ದು ಗೋವಿಂದಮ್ಮ?"