ದೀಪ ದೊಡ್ಡದು ಮಾಡುವ ಸ್ವಿಚ್ಚು

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಸಣ್ಣ ಕಾರ್ಖಾನೆಯಲ್ಲಿ ನಾನು ಮಾಡಿದ ಮೊದಲ ಸ್ವಿಚ್ಚಿಗೆ ಗುಂಡಿಯೇ ಇರಲಿಲ್ಲ. ಮಣ್ಣಿನಲ್ಲಿ ಹುಗಿದರೆ ತೇವ ಅಳೆದು ನನ್ನ ಮೊಬೈಲಿಗೆ ಕಳಿಸುವ ಉಪಕರಣದ ಸ್ವಿಚ್ಚು ಅದು. ಎಲ್ಲಿ ತೂತು ಬಿಟ್ಟರೂ ನೀರು ಇಳಿಯುತ್ತದೆಂದು ಬ್ಯಾಟರಿ ಸಮೇತ ರಾಳ ಸುರಿದು ಮುಚ್ಚಿದ್ದೆವು. ತಲೆಯ ಮೇಲಿನ ಕೆಂಪು ಚುಕ್ಕಿಗೆ ಅಯಸ್ಕಾಂತ ಮುಟ್ಟಿಸಿದರೆ ಚಾಲೂ, ಇನ್ನೊಮ್ಮೆ ಮುಟ್ಟಿಸಿದರೆ ಬಂದ್. ಚಾಲೂ ಇದ್ದಷ್ಟು ಹೊತ್ತೂ ಹಸಿರು ದೀಪ. ಇಷ್ಟಕ್ಕೇ ನಾನು ವಾರವಿಡೀ ವಿಜ್ಞಾನಿಯ ಗತ್ತಿನಲ್ಲಿ ಓಡಾಡಿದೆ.

ಇದ್ದದ್ದು ಒಂದೇ ಮಾದರಿ. ಅದನ್ನು ಮುಗದ ಊರಿನ ಪರಿಚಯದ ಕಾಕಾನ ಹಿತ್ತಲಿನ ಕಾಯಿಪಲ್ಯದ ಮಡಿಯಲ್ಲಿ ತಲೆಯಷ್ಟೇ ಹೊರಗಿಟ್ಟು ಹುಗಿದು, ಅಯಸ್ಕಾಂತವನ್ನು ಅವರ ಹೆಂಡತಿ ಕಾಕುವಿನ ಕೈಗೆ ಕೊಟ್ಟು ಬಂದೆ.

"ಬ್ಯಾಟ್ರಿ ಬದಲ್ ಮಾಡಾಕ ಬರೂದಿಲ್ರೀ ಕಾಕಾ, ಜ್ವಾಕಿ!"

ಮರುದಿನದಿಂದ ಸಂಜೆ ಏಳಾದರೆ ಅಳತೆ ಬರುವುದು ನಿಲ್ಲುತ್ತಿತ್ತು. ಬೆಳಿಗ್ಗೆ ಮತ್ತೆ ಶುರು. ಒಂದು ಸಂಜೆ ಅಳತೆ ನಿಂತ ಕೂಡಲೇ ಫೋನ್ ಮಾಡಿದೆ.

"ಕಾಕಾ, ಈಗ ದೀಪಾ ಹೆಂಗೈತ್ರೀ?"

"ಈಗಷ್ಟ ದೊಡ್ಡದ ಮಾಡೀವಲ್ಲಪಾ."

ದೊಡ್ಡದು! ಬೆಳಕು ಹೆಚ್ಚಾಗಿದೆ, ಅಂದರೆ ಒಳಗೆಲ್ಲೋ ಕರೆಂಟು ಹಾದಿ ತಪ್ಪಿದೆ ಎಂದು ಮಾಲೀಕರಿಗೆ ವರದಿ ಒಪ್ಪಿಸಿದೆ.

"ಹಂಗಾರ ನಾಳೆ ತಗೊಂಡ್ ಬಾ. ಕೊಯ್ದು ನೋಡೂಣು. ಮುಂದಿಂದು ಆಮ್ಯಾಲೆ."

ಕೊಯ್ದರೆ ಮಾದರಿ ಸತ್ತಂತೆ. 'ಆಮ್ಯಾಲೆ' ಎಂದು ಅವರು ತಳ್ಳಿದ ಯಾವ ಕೆಲಸವೂ ಮತ್ತೆ ಎದ್ದದ್ದನ್ನು ನಾನು ಕಂಡಿಲ್ಲ.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಅಷ್ಟು ದುಃಖದಲ್ಲೂ ಮಿಮಿಕ್ರಿಯ ಚಟ ಬಿಡದೆ, ಕಾಕಾನ ಧ್ವನಿ ತೆಗೆದು "ದೊಡ್ಡದ ಮಾಡೀವಲ್ಲಪಾ" ಎಂದೆ. ಎಲ್ಲರೂ ನಕ್ಕರು. ಬೆಸುಗೆ ಹಾಕುವ ಅಕ್ಕ ಮಾತ್ರ ರೊಟ್ಟಿ ಮುರಿಯುತ್ತ ಕೇಳಿದರು:

"ತಮ್ಮಾ, ದೇವರ ದೀಪ ಆರಿಸು ಅನಬಾರದಂತ ನಿಮ್ಮ ಮನ್ಯಾಗ ಏನಂತಾರ?"

"ನಮ್ಮಜ್ಜಿ ದೀಪ ದೊಡ್ಡದ ಮಾಡು ಅಂತಿದ್ಲು…" ಅಂದರೆ ಕಾಕಾ ಹೇಳಿದ್ದು ದೀಪ ಆರಿಸಿದ್ದೇವೆ ಎಂದು!

"ಧ್ವನಿ ಛಲೋ ಕದ್ದಿ. ಮಾತು ಅಲ್ಲೇ ಬಿಟ್ಟ್ ಬಂದಿ ನೋಡು."

ಮುಗದಕ್ಕೆ ಓಡಿದೆ. ಕಾಕು ಅಯಸ್ಕಾಂತವನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದರು.

"ಬ್ಯಾಟ್ರಿ ಜ್ವಾಕಿ ಅಂದಾಂವ ನೀನ. ಕತ್ತಲಾದ ಮ್ಯಾಲ ಅದಕ್ಕೇನ ಕೆಲಸ? ಮಲಗಲಿ ಅಂತ ದಿನಾ ನಾನ ದೊಡ್ಡದ ಮಾಡತೇನಿ."

ಅವರ ತಪ್ಪೇನಿಲ್ಲ. ಉರಿಯುವ ದೀಪ ಕಣ್ಣ ಮುಂದಿಟ್ಟು, ಆರಿಸಬೇಡಿ ಎಂದು ಹೇಳುವುದನ್ನೇ ನಾನು ಮರೆತಿದ್ದೆ. ಮಾಲೀಕರಿಂದ ಒಂದು ದಿನ ಬೇಡಿಕೊಂಡು, ಕೊಯ್ಯದೆಯೇ, ಕಾರ್ಖಾನೆಯಿಂದಲೇ ಅದರ ಪ್ರೋಗ್ರಾಂ ಬದಲಿಸಿ ಕಳಿಸಿದೆ: ಚಾಲೂ ಆದಾಗ ಮೂರು ಸಲ ಮಿನುಗಿ ದೀಪ ಮಲಗುತ್ತದೆ, ಉಪಕರಣ ಮಲಗುವುದಿಲ್ಲ.

ಆ ಸಂಜೆ ಏಳು ದಾಟಿದರೂ ಅಳತೆ ಬರುತ್ತಲೇ ಇತ್ತು. ಮಾಲೀಕರು ಮೊಬೈಲ್ ಇಸಿದುಕೊಂಡು ನೋಡಿ, "ಇನ್ನ ನಾಕು ಮಾಡು" ಎಂದರು. ಅಷ್ಟರಲ್ಲಿ ಕಾಕಾನ ಫೋನು.

"ದೀಪಾನ ಕಾಣವಲ್ದಲ್ಲೋ!"

ನಾನು ಕಾಕುವಿನ ಧ್ವನಿ ತೆಗೆದೆ: "ನಾನ ದೊಡ್ಡದ ಮಾಡೇನಿ. ಒಳಗ ಕೆಲಸ ನಡದೈತಿ."

ಆ ಕಡೆಯಿಂದ ಕಾಕಾ: "ಏ, ನೀ ಹುಬ್ಬಳ್ಳಿಗೆ ಯಾವಾಗ ಹೋದಿ?"