ಹೇರ್‌ಪಿನ್ನಿನ ಪರೀಕ್ಷೆ

ನನ್ನ ಮೈದುನನಿಗೆ ಗೊತ್ತಿಲ್ಲದ ವಿಷಯ ಬಳ್ಳಾರಿ ಜಿಲ್ಲೆಯಲ್ಲೇ ಇಲ್ಲ. ಕುರುಗೋಡಿನಿಂದ ಬಸ್ಸಿನಲ್ಲಿ ಬಂದವನೇ ಸತ್ತು ಕೂತಿದ್ದ ನನ್ನ ಡೆಸ್ಕ್‌ಟಾಪಿನ ಬಟನ್ ಹತ್ತಾರು ಸಲ ಒತ್ತಿ, "ಮದರ್‌ಬೋರ್ಡ್ ಸುಟ್ಟೈತ್ರಿ ಅತ್ತಿಗಿ," ಎಂದು ತೀರ್ಪು ಕೊಟ್ಟ. ಮುಚ್ಚಳ ಬಿಚ್ಚಿ ನೋಡಲಿಲ್ಲ. ಬಿಚ್ಚುವುದು ಅವನ ಘನತೆಗೆ ಕಡಿಮೆ.

ಅದರ ಹಾರ್ಡ್ ಡಿಸ್ಕಿನಲ್ಲಿ ನನ್ನ ಅಕ್ಕ ಇದ್ದಳು. ಸಿರುಗುಪ್ಪದ ಅವಳ ಅಡುಗೆಮನೆಯಲ್ಲಿ ಕೂತು ನಾನು ರೆಕಾರ್ಡ್ ಮಾಡಿಕೊಂಡ ಭತ್ತದ ನಾಟಿ ಹಾಡುಗಳು. ಅಕ್ಕ ಹೋಗಿ ಎರಡು ವರ್ಷವಾಯಿತು. ಕಾಪಿ ಮಾಡಿಡಬೇಕು ಎಂದುಕೊಳ್ಳುತ್ತಲೇ ಉಳಿದೆ. ಆ ಮೂರ್ಖತನ ನನ್ನದೇ, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ.

ಕಾನ್ವೆಂಟಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಸಿಸ್ಟರ್, ಉತ್ತರ ಹೇಳುವ ಮೊದಲು ಒಂದೊಂದನ್ನೇ ಎಲಿಮಿನೇಟ್ ಮಾಡಿ ಎನ್ನುತ್ತಿದ್ದರು. ಮೈದುನ ಚಹಾ ಕುಡಿಯುವಷ್ಟರಲ್ಲಿ ಅದನ್ನೇ ಮಾಡಿದೆ. ಕಂಪ್ಯೂಟರಿನ ಪ್ಲಗ್ ಪಾಯಿಂಟಿಗೆ ಟೇಬಲ್ ಲ್ಯಾಂಪ್ ಹಾಕಿದೆ, ಉರಿಯಿತು. ನಮ್ಮ ರೈಸ್ ಕುಕ್ಕರಿನ ಕೇಬಲ್ ಕಂಪ್ಯೂಟರಿಗೂ ಹೊಂದುತ್ತದೆ. ಅದನ್ನು ಸಿಕ್ಕಿಸಿದರೂ ಉಸಿರಿಲ್ಲ. ಉಳಿದದ್ದು ಹಿಂಬದಿಯ ಎಸ್ಎಂಪಿಎಸ್, ಎಂದರೆ ಒಳಗೆಲ್ಲ ಕರೆಂಟು ಹಂಚುವ ಡಬ್ಬಿ. ಪ್ರತಿ ಆಯುಧಪೂಜೆಗೆ ಮೈದುನ ಅದರ ಫ್ಯಾನಿನ ಜಾಲರಿಯ ಮೇಲೇ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಾನೆ, ಮೇಲೆ ಒದ್ದೆ ಕುಂಕುಮ. ಜಾಲರಿ ಸಿಮೆಂಟು ಮೆತ್ತಿದಂತೆ ಮುಚ್ಚಿತ್ತು.

ಆ ಡಬ್ಬಿಯೊಂದನ್ನೇ ಬಿಚ್ಚಿ ಪರೀಕ್ಷಿಸುವುದು ಹೇಗೆಂದು ನೆಟ್ಟಿನಲ್ಲಿ ಓದಿಕೊಂಡೆ. ಅಷ್ಟರಲ್ಲಿ ಮೈದುನ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ ಎಕ್ಸ್‌ಚೇಂಜ್ ಮಾತಾಡಿದ್ದ. ಹಳೆಯದನ್ನು ಇದ್ದ ಹಾಗೇ ಕೊಟ್ಟು, ಹೊಸದು ತರುವುದು. ಅಕ್ಕನನ್ನೂ ಕೊಟ್ಟುಬಿಡುವುದು! ಕಂಪ್ಯೂಟರ್ ಒಯ್ಯಲು ಅವನು ಕರೆಸಿದ ಆಟೋವನ್ನು ನಾನೂ ಹತ್ತಿದೆ.

ಅಂಗಡಿಯವನೂ ಮುಚ್ಚಳ ತೆಗೆಯದೆ, "ಬೋರ್ಡ್ ಹೋಗೈತ್ರಿ," ಎಂದ. ಇಬ್ಬರು ಪಂಡಿತರೂ ತಲೆಯಾಡಿಸಿಕೊಂಡರು.

"ಒಂದು ಚಲೋ ಎಸ್ಎಂಪಿಎಸ್ ಇಲ್ಲಿ ಇಡ್ರಿ. ನಮ್ಮದನ್ನೂ ಬಿಚ್ರಿ," ಎಂದೆ.

"ಅಮ್ಮಾರ, ನಿಮಗ ಇದೆಲ್ಲ ತಿಳಿಯಂಗಿಲ್ರಿ."

"ನಿಮಗ ಬಿಚ್ಚದನೇ ತಿಳಿತೈತಿ. ನನಗ ಅಷ್ಟು ಬುದ್ಧಿ ಇಲ್ಲ, ಬಿಚ್ರಿ."

ತುರುಬಿನಿಂದ ಹೇರ್‌ಪಿನ್ ಕಿತ್ತು, ತುದಿಗಳ ಕಪ್ಪು ಬಣ್ಣ ಕೆರೆದೆ. ಮೊದಲು ಅಂಗಡಿಯ ಡಬ್ಬಿ. ಕರೆಂಟ್ ಬಂದ್ ಇರುವಾಗಲೇ ಅದರಿಂದ ಹೊರಟ ದೊಡ್ಡ ಪ್ಲಗ್ಗಿನ ಹಸಿರು ವೈರಿನ ತೂತಿಗೂ ಕರಿ ವೈರಿನ ತೂತಿಗೂ ಪಿನ್ ಚುಚ್ಚಿ, ಆಮೇಲೆ ಸ್ವಿಚ್ ಹಾಕಿಸಿದೆ. ಡಬ್ಬಿಯ ಫ್ಯಾನ್ ಗಿರ್ರನೆ ತಿರುಗಿತು. ನಮ್ಮದಕ್ಕೂ ಹಾಗೇ ಮಾಡಿದೆ. ಕದಲಲಿಲ್ಲ. ಎತ್ತಿ ಕುಲುಕಿದರೆ ಕೌಂಟರಿನ ಮೇಲೆ ಬೂದಿ ಉದುರಿತು.

"ನಾನೂ ಅದನ್ನ ಹೇಳಾಕ ಹತ್ತಿದ್ದೆನಲ್ರಿ," ಎಂದ ಮೈದುನ. ನಾಚಿಕೆ ಎಂಬ ಪಾರ್ಟು ಅವನಿಗೆ ಫಿಟ್ ಆಗಿಯೇ ಇಲ್ಲ.

ಹೊಸ ಎಸ್ಎಂಪಿಎಸ್ ಕೂಡಿಸಿದ ಮೇಲೆ ಸ್ಕ್ರೀನ್ ಬೆಳಗಿತು. ಅಲ್ಲೇ ಅಕ್ಕನ ಹಾಡಿನ ಫೈಲ್ ತೆರೆದೆ. ಅಕ್ಕ ಎರಡು ಸಾಲು ಹಾಡಿ ನಿಲ್ಲಿಸಿದಳು. "ಅದನ್ನೇನ್ ಹಿಡ್ಕೊಂಡು ಕುಂತೀಯಲೇ? ಎದ್ದು ಒಲಿ ನೋಡು, ಅನ್ನ ತಳ ಹತ್ತಾಕತ್ತೈತಿ."

ಅನ್ನ ಸೀದೇ ಹೋಗಿತ್ತು ಅಂದು. ನಾನು ಎದ್ದಿರಲಿಲ್ಲ.

ಅವಳು ಮತ್ತೆ ಹಾಡತೊಡಗಿದಳು. ಪಕ್ಕದಲ್ಲಿ ಮೈದುನ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಹೊಸ ಜಾಲರಿಯ ಕಡೆ ಬೆರಳು ಚಾಚಿದ.

"ನಿನ್ನ ಹಣಿಗೆ ಹಚ್ಕೋ," ಎಂದೆ. "ಅದರೊಳಗ ಹೆಂಗೂ ಏನೂ ತಿರುಗಂಗಿಲ್ಲ."